ಗಾಡಿಯ ಕೀಲು ಸವೆದರೆ

ಠಾಣಾ ಕುಶನೂರ ನಮ್ಮ ಬೀದರ ಜಿಲ್ಲೆಯ ಊರು. ಇಲ್ಲಿಂದ ದಿನಾ ಎಷ್ಟೋ ಗಾಡಿ ಓಡುತ್ತವೆ. ಕೆಲವು ಔರಾದಕ್ಕೆ ಹೋಗುತ್ತವೆ. ಕೆಲವು ಭಾಲ್ಕಿಗೆ, ಬೀದರಿಗೆ ಹೋಗುತ್ತವೆ. ಆ ಗಾಡಿಗಳಲ್ಲಿ ನಾವೇ ಕೂತಿರುತ್ತೇವೆ. ಸಂತೆಗೆ ಹೋಗ್ತೀವಿ. ದವಾಖಾನೆಗೆ ಹೋಗ್ತೀವಿ. ಮಕ್ಕಳೂ ಜೊತೆಗೆ ಇರ್ತಾರೆ.

ಡ್ರೈವರ್ ಸ್ಟೇರಿಂಗ್ ತಿರುಗಿಸಿದರೆ ಗಾಲಿ ತಿರುಗುತ್ತದೆ. ಹೇಗೆ ತಿರುಗುತ್ತದೆ? ನಡುವೆ ಏನಿದೆ? ತಿಳಿಯೋಣ.

ಚಿಕ್ಕ ಕೀಲು, ದೊಡ್ಡ ಕೆಲಸ

ಎತ್ತಿನ ಗಾಡಿಗೆ ಕಡೆಗೀಲು ಇರುತ್ತದೆ. ನೋಡಲು ಅದು ಬೆರಳಿನಷ್ಟು. ಅದು ಬಿದ್ದುಹೋದರೆ ಗಾಲಿಯೇ ಕಳಚುತ್ತದೆ. ಇದು ನಮಗೆಲ್ಲ ಗೊತ್ತು.

ಕಾರು, ಜೀಪಿಗೂ ಅಂಥ ಒಂದು ಚಿಕ್ಕ ಭಾಗ ಇದೆ. ಸ್ಟೇರಿಂಗಿನ ತಿರುವನ್ನು ಮುಂದಿನ ಗಾಲಿಗಳಿಗೆ ಮುಟ್ಟಿಸಲು ಉಕ್ಕಿನ ಸರಳು ಇರುತ್ತದೆ. ಅದಕ್ಕೆ ಟೈ ರಾಡ್ ಅನ್ನುತ್ತಾರೆ. ಗಾಲಿಯ ಹತ್ತಿರ ಅದರ ತುದಿಯಲ್ಲಿ ಒಂದು ಕೀಲು ಇದೆ. ಅದೇ ಟೈ ರಾಡ್ ಎಂಡ್. ಎಡ ಗಾಲಿಗೆ ಒಂದು, ಬಲ ಗಾಲಿಗೆ ಒಂದು.

ನಮ್ಮ ಸೊಂಟದ ಕೀಲನ್ನು ನೆನಪು ಮಾಡಿಕೊಳ್ಳಿ. ಒಂದು ಬಟ್ಟಲು, ಅದರೊಳಗೆ ಒಂದು ಗುಂಡು. ಟೈ ರಾಡ್ ಎಂಡ್ ಕೂಡ ಹಾಗೇ. ಒಳಗೆ ಗ್ರೀಸ್ ಇರುತ್ತದೆ. ಮೇಲೆ ರಬ್ಬರಿನ ಟೊಪ್ಪಿಗೆ ಇರುತ್ತದೆ. ರಬ್ಬರ್ ಹರಿದರೆ ಗ್ರೀಸ್ ಹೊರಗೆ ಹೋಗುತ್ತದೆ. ಬೇಸಿಗೆಯ ಧೂಳು, ಮಳೆಗಾಲದ ಕೆಸರು ಒಳಗೆ ಸೇರುತ್ತದೆ. ಆಗ ಗುಂಡು ಸವೆಯುತ್ತದೆ. ಸವೆದು ಸವೆದು ಒಂದು ದಿನ ಬಟ್ಟಲಿನಿಂದ ಕಳಚುತ್ತದೆ. ಆಮೇಲೆ ಆ ಗಾಲಿ ಸ್ಟೇರಿಂಗಿನ ಮಾತು ಕೇಳುವುದಿಲ್ಲ.

ಗಾಡಿ ಮೊದಲೇ ಹೇಳುತ್ತದೆ

ಕೀಲು ಸವೆಯುವಾಗ ಈ ಗುರುತುಗಳು ಕಾಣುತ್ತವೆ:

1. ತಗ್ಗು ಬಂದಾಗ, ತಿರುವಿನಲ್ಲಿ ಖಟ್ ಖಟ್ ಸಪ್ಪಳ.
2. ಸ್ಟೇರಿಂಗ್ ಸಡಿಲ. ಸ್ವಲ್ಪ ತಿರುಗಿಸಿದರೂ ಗಾಲಿ ತಿರುಗದು.
3. ನೇರ ರಸ್ತೆಯಲ್ಲೂ ಗಾಡಿ ಆಚೆ ಈಚೆ ಎಳೆಯುತ್ತದೆ.
4. ಮುಂದಿನ ಟಾಯರ್ ಒಂದೇ ಅಂಚಿನಲ್ಲಿ ಸವೆಯುತ್ತದೆ.

ಈ ಗುರುತುಗಳಿಗೆ ಬೇರೆ ಕಾರಣವೂ ಇರಬಹುದು. ಆದ್ದರಿಂದ ಪರೀಕ್ಷೆ ಮಾಡಬೇಕು.

ಪರೀಕ್ಷೆ ಹೇಗೆ?

ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ. ಎಂಜಿನ್ ಬಂದ್ ಮಾಡಿ. ಹ್ಯಾಂಡ್ ಬ್ರೇಕ್ ಹಾಕಿ. ಹಿಂದಿನ ಗಾಲಿಗೆ ಕಲ್ಲು ಕೊಡಿ. ಒಬ್ಬರು ಸ್ಟೇರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲ್ಲಾಡಿಸಲಿ. ಇನ್ನೊಬ್ಬರು ಕೀಲನ್ನು ನೋಡಲಿ. ಸರಳು ಅಲುಗಿದ ಕೂಡಲೇ ಗಾಲಿಯೂ ಅಲುಗಬೇಕು. ಗುಂಡು ಮೊದಲು ಬಟ್ಟಲಿನಲ್ಲಿ ಕುಣಿದು, ಆಮೇಲೆ ಗಾಲಿ ಅಲುಗಿದರೆ ಕೀಲು ಸವೆದಿದೆ.

ಇನ್ನೊಂದು ಪರೀಕ್ಷೆ ಇದೆ. ಮುಂದಿನ ಗಾಲಿಯನ್ನು ಜ್ಯಾಕಿನಿಂದ ಎತ್ತಿ, ಗಾಡಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ. ಗಾಲಿಯ ಎಡಬದಿ ಒಂದು ಕೈ, ಬಲಬದಿ ಒಂದು ಕೈ ಇಟ್ಟು ಅಲ್ಲಾಡಿಸಿ. ಅಲುಗಿದರೆ ಟೈ ರಾಡ್ ಎಂಡ್ ನೋಡಿ. ಮೇಲೆ ಕೆಳಗೆ ಕೈ ಇಟ್ಟಾಗ ಅಲುಗಿದರೆ ಬೇರಿಂಗ್ ಅಥವಾ ಬೇರೆ ಕೀಲು ನೋಡಿಸಿ. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ಹೋಗಬೇಡಿ.

ಹೊಸದು ಹಾಕುವಾಗ

ಇದು ಮಿಸ್ತ್ರಿಯ ಕೆಲಸ. ಆದರೂ ಅವರು ಏನು ಮಾಡುತ್ತಾರೆ ಎಂದು ನಮಗೆ ತಿಳಿದಿರಬೇಕು.

ಮೊದಲು ಡಬ್ಬಿ ಓದಿ. ಅದರ ಮೇಲೆ ನಮ್ಮ ಗಾಡಿಯ ಹೆಸರು ಇದೆಯೇ? ಇಂಗ್ಲಿಷಿನ ಎಲ್.ಎಚ್. ಅಂದರೆ ಎಡ, ಆರ್.ಎಚ್. ಅಂದರೆ ಬಲ. ಡ್ರೈವರ್ ಸೀಟಿನಲ್ಲಿ ಕೂತು ಮುಂದೆ ನೋಡಿದಾಗಿನ ಎಡ, ಬಲ ಅದು.

ಮಿಸ್ತ್ರಿ ಗಾಲಿ ಬಿಚ್ಚುತ್ತಾರೆ. ಸರಳಿನ ಲಾಕ್ ನಟ್ ಸಡಿಲ ಮಾಡುತ್ತಾರೆ. ಸ್ಪ್ಲಿಟ್ ಪಿನ್ ಇದ್ದರೆ ತೆಗೆದು, ಕೀಲಿನ ನಟ್ ಬಿಚ್ಚುತ್ತಾರೆ. ಪುಲ್ಲರ್ ಹಾಕಿ ಕೀಲನ್ನು ಬಿಡಿಸುತ್ತಾರೆ. ಆಮೇಲೆ ಹಳೆಯ ಎಂಡನ್ನು ಸರಳಿನಿಂದ ತಿರುಗಿಸಿ ತೆಗೆಯುತ್ತಾರೆ. ಕೆಲವು ಗಾಡಿಗಳಲ್ಲಿ ಒಂದು ಕಡೆಯ ಮರೆ ಉಲ್ಟಾ ಇರುತ್ತದೆ.

ಇಲ್ಲಿ ನಮ್ಮ ಅಕ್ಷರ ಕೆಲಸಕ್ಕೆ ಬರುತ್ತದೆ. ಎಷ್ಟು ಸುತ್ತಿಗೆ ಬಿಚ್ಚಿತು ಎಣಿಸಿ. ಚೀಟಿಯಲ್ಲಿ ಬರೆಯಿರಿ. 18 ಸುತ್ತಿಗೆ ಬಿಚ್ಚಿದರೆ ಹೊಸದನ್ನೂ 18 ಸುತ್ತು ಹಾಕಬೇಕು. ಲೆಕ್ಕ ತಪ್ಪಿದರೆ ಸರಳಿನ ಉದ್ದ ಬದಲಾಗುತ್ತದೆ. ಗಾಲಿ ಸೊಟ್ಟ ನಿಲ್ಲುತ್ತದೆ.

ನಟ್ ಬಿಗಿ ಮಾಡಿದ ಮೇಲೆ ಹೊಸ ಪಿನ್ ಹಾಕಬೇಕು. ಪಿನ್ನಿನ ತೂತು ಸರಿಯಾಗಿ ಕೂಡದಿದ್ದರೆ ನಟ್ಟನ್ನು ಇನ್ನೂ ಸ್ವಲ್ಪ ಬಿಗಿ ಮಾಡಬೇಕು. ಹಿಂದಕ್ಕೆ ಸಡಿಲ ಮಾಡಬಾರದು. ಹಳೆಯ ಪಿನ್ ಬೇಡ. ಪಿನ್ ಬದಲು ತಂತಿ ಬೇಡವೇ ಬೇಡ. ಲಾಕ್ ನಟ್ಟನ್ನೂ ಬಿಗಿ ಮಾಡಿದರೇ ಎಂದು ಕೇಳಿ.

ಸುತ್ತು ಎಣಿಸಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಅದಕ್ಕೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಯಂತ್ರ ಇರುವ ಅಂಗಡಿಯ ತನಕ ನಿಧಾನ ಹೋಗಿ. ಮಾಡಿಸದಿದ್ದರೆ ಟಾಯರ್ ಬೇಗ ಸವೆಯುತ್ತದೆ. ಒಂದು ಟಾಯರಿನ ಬೆಲೆ ಎಷ್ಟು, ನೀವೇ ಕೇಳಿ ನೋಡಿ.

"ಇನ್ನೊಂದು ತಿಂಗಳು ನಡೀತದ ಬಿಡ್ರಿ" ಎಂದು ಕೆಲವರು ಅಂತಾರೆ. ಸವೆದ ಕೀಲು ತಿಂಗಳ ಲೆಕ್ಕ ಇಡುವುದಿಲ್ಲ. ಸಪ್ಪಳ ಕೇಳಿದರೆ ಕೂತವರೂ ಕೇಳಬಹುದು: "ಅಣ್ಣಾ, ಖಟ್ ಖಟ್ ಅಂತದಲ್ಲ, ಮಿಸ್ತ್ರಿಗೆ ತೋರಿಸಿದ್ಯಾ?" ಹಾಗೆ ಕೇಳುವುದು ನಮ್ಮ ಹಕ್ಕು. ಗಾಡಿ ಅವರದು, ಜೀವ ನಮ್ಮದು.

ಓದಿ, ಬರೆಯಿರಿ
ಕೀಲು, ಗಾಲಿ, ಸರಳು, ಗುಂಡು, ಬಟ್ಟಲು, ಸಪ್ಪಳ, ಸುತ್ತು

ಉತ್ತರ ಬರೆಯಿರಿ
1. ರಬ್ಬರ್ ಹರಿದರೆ ಏನಾಗುತ್ತದೆ?
2. ಕೀಲು ಸವೆದ ಎರಡು ಗುರುತು ಬರೆಯಿರಿ.
3. ಸುತ್ತು ಏಕೆ ಎಣಿಸಬೇಕು?

ಲೆಕ್ಕ ಮಾಡಿ
ಒಂದು ಎಂಡಿಗೆ 450 ರೂಪಾಯಿ ಎಂದು ಇಟ್ಟುಕೊಳ್ಳಿ. ಎರಡಕ್ಕೆ ಎಷ್ಟು? ಮಿಸ್ತ್ರಿಯ ಕೂಲಿ 300 ರೂಪಾಯಿ ಸೇರಿಸಿದರೆ ಒಟ್ಟು ಎಷ್ಟು?