ತಿಳಿದದ್ದನ್ನು ತಿಳಿಯಹೇಳುವ ಬಗೆ

ಹೊಸ ತಳಿಯನ್ನು ರೈತರು ಯಾರ ಮಾತು ನಂಬಿ ಬಿತ್ತುತ್ತಾರೆ? ಅಮೆರಿಕದ ಅಯೋವಾ ರಾಜ್ಯದಲ್ಲಿ ರಯಾನ್ ಮತ್ತು ಗ್ರಾಸ್ ಎಂಬ ಸಂಶೋಧಕರು ಇದನ್ನು ಅಭ್ಯಸಿಸಿ 1943ರಲ್ಲಿ ಪ್ರಕಟಿಸಿದರು. ಅವರು ವಿಚಾರಿಸಿದ 259 ರೈತರಲ್ಲಿ ಇಬ್ಬರ ಹೊರತು ಉಳಿದವರೆಲ್ಲರೂ 1941ರ ವೇಳೆಗೆ ಸಂಕರಣ ಮುಸುಕಿನ ಜೋಳ ಬಿತ್ತಿದ್ದರು. ಸುಮಾರು ಅರ್ಧದಷ್ಟು ರೈತರಿಗೆ ಸುದ್ದಿ ಮೊದಲು ಮುಟ್ಟಿದ್ದು ಬೀಜ ಮಾರುವವರಿಂದ. ಆದರೆ ಬಿತ್ತಲು ಮನಸ್ಸು ಮಾಡಿಸಿದವರಲ್ಲಿ ನೆರೆಹೊರೆಯ ರೈತರೇ ಮುಂದು.

ಆದ್ದರಿಂದ ತಿಳಿದ ರೈತರ ಮಾತಿಗೆ ಹೊಣೆಯೂ ಹೆಚ್ಚು. "ಪಂಪಿಗೆ ಒಂದು ಮುಚ್ಚಳ ಔಷಧಿ ಹಾಕಿ" ಎಂದರೆ ಸಾಲದು. ಮುಚ್ಚಳದ ಅಳತೆ ಬಾಟಲಿಗೊಂದು ಬಗೆ. ಪಂಪಿನ ಅಳತೆಯೂ ಹಾಗೆಯೇ. ಕೇಳಿದವರ ಬೆಳೆ ಸುಟ್ಟೀತು, ಇಲ್ಲವೇ ಕೀಟ ಉಳಿದೀತು.

ಹೇಳುವಾಗ ಈ ಅಂಶಗಳನ್ನು ಗಮನಿಸಿರಿ:

1. ಔಷಧಿಯ ಹೆಸರು, ಒಂದು ಲೀಟರು ನೀರಿಗೆ ಎಷ್ಟು ಎಂಬುದನ್ನು ಬಾಟಲಿಯ ಚೀಟಿ ನೋಡಿಯೇ ಹೇಳಿರಿ.

2. ಒಂದು ಸಲಕ್ಕೆ ಒಂದೇ ವಿಷಯ ತಿಳಿಸಿರಿ. ಸಾಧ್ಯವಾದರೆ ಹೊಲದಲ್ಲೇ ಮಾಡಿ ತೋರಿಸಿರಿ.

3. "ತಿಳಿಯಿತೇ?" ಎಂದರೆ ಎಲ್ಲರೂ "ಹೂಂ" ಎನ್ನುತ್ತಾರೆ. "ನೀವು ಹೇಗೆ ಮಾಡುತ್ತೀರಿ, ಹೇಳಿ ನೋಡೋಣ" ಎನ್ನಿರಿ. ತಪ್ಪಿದ್ದರೆ ಅಲ್ಲೇ ತಿದ್ದಬಹುದು.

4. ನಿಮಗಾದ ನಷ್ಟವನ್ನೂ ಮುಚ್ಚಿಡದೆ ಹೇಳಿರಿ.

ಮನೆಯಲ್ಲಿ ಮಕ್ಕಳಿಗೆ, ಹೊಲದಲ್ಲಿ ಆಳುಗಳಿಗೆ ಕೆಲಸ ಹೇಳುವಾಗಲೂ ಇದೇ ಕ್ರಮ ಒಳ್ಳೆಯದು.