ನೋಟು, ಕ್ಷೌರದ ಕತ್ತಿ, ಹೂತ ಕುರಿ

ಪ್ರಶ್ನೆ: ನನ್ನದು ಕಿರಾಣಿ ಅಂಗಡಿ. ನೆಗಡಿ, ಜ್ವರ ಇದ್ದವರ ಕೈಯಿಂದಲೂ ದುಡ್ಡು ತಗೋಬೇಕು. ನೋಟಿನ ಮೇಲೆ ರೋಗಾಣು ಎಷ್ಟು ದಿನ ಇರುತ್ತೆ? ನೋಟುಗಳನ್ನು ಬಿಸಿಲಿಗೆ ಹಾಕಬೇಕೆ?
– ವ್ಯಾಪಾರಿ, ಗೋಕಾಕ

ಉತ್ತರ: ಸ್ವಿಟ್ಜರ್ಲೆಂಡಿನ ಸಂಶೋಧಕರು ಫ್ಲೂ ವೈರಾಣುವನ್ನು ನೋಟಿಗೆ ಹಚ್ಚಿ ಕಾದು ನೋಡಿ, 2008ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಬರೀ ವೈರಾಣು ಹೆಚ್ಚೆಂದರೆ ಮೂರು ದಿನ ಉಳಿಯಿತು. ಸಿಂಬಳದ ಜೊತೆ ಬೆರೆಸಿ ಹಚ್ಚಿದಾಗ 17 ದಿನದವರೆಗೂ ಉಳಿದದ್ದುಂಟು. ಸಿಂಬಳ ಅದನ್ನು ಬೇಗ ಒಣಗಲು ಬಿಡುವುದಿಲ್ಲ.

ಹೆದರಬೇಡಿ. ಪ್ರಯೋಗಾಲಯದಲ್ಲಿ ಹಚ್ಚುವ ಪ್ರಮಾಣವೇ ಬೇರೆ, ಗಿರಾಕಿಯ ಬೆರಳಿಂದ ಅಂಟುವುದೇ ಬೇರೆ. ಫ್ಲೂ ವೈರಾಣು ಸ್ಟೀಲು, ಪ್ಲಾಸ್ಟಿಕ್‌ ಮೇಲೆ 24ರಿಂದ 48 ಗಂಟೆ ಇದ್ದರೂ ನಮ್ಮ ಕೈಗೆ ದಾಟಿದ ಮೇಲೆ ಸುಮಾರು ಐದು ನಿಮಿಷದಲ್ಲಿ ಸೊರಗುತ್ತದೆ ಎಂದು 1982ರಲ್ಲೇ ಕಂಡುಕೊಂಡಿದ್ದಾರೆ. ಗಟ್ಟಿ ಚರ್ಮದ ಮೂಲಕ ಅದು ಒಳಗೆ ಹೋಗದು. ಆ ಐದು ನಿಮಿಷದಲ್ಲಿ ಕೈ ಮೂಗಿಗೋ ಕಣ್ಣಿಗೋ ಬಾಯಿಗೋ ಹೋಗಬಾರದು, ಅಷ್ಟೇ. ನೀವು ಪತ್ರದಲ್ಲಿ ಬರೆಯದ ಒಂದನ್ನು ಕೇಳುತ್ತೇನೆ: ನೋಟು ಎಣಿಸುವಾಗ ಬೆರಳಿಗೆ ಎಂಜಲು ಹಚ್ಚುತ್ತೀರಾ? ಹಚ್ಚುವುದಾದರೆ ಇವತ್ತೇ ಬಿಡಿ. ಗಲ್ಲಾಪೆಟ್ಟಿಗೆ ಪಕ್ಕ ಒದ್ದೆ ಸ್ಪಂಜು ಇಟ್ಟುಕೊಳ್ಳಿ, ನೀರು ದಿನಾ ಬದಲಿಸಿ. ನೋಟನ್ನು ಬಿಸಿಲಿಗೆ ಹಾಕಿದರೆ ಗಾಳಿಗೆ ಹಾರಿಹೋದೀತು.

ಪ್ರಶ್ನೆ: ಕ್ಷೌರದಂಗಡಿಯಲ್ಲಿ ಗಾಯವಾಗಿ ರಕ್ತ ಬಂತು. ಎಚ್‌ಐವಿ ಭಯ ಕಾಡುತ್ತಿದೆ.
– ಹೆಸರು ಬೇಡ, ದಾವಣಗೆರೆ

ಉತ್ತರ: ಎಲ್ಲರೂ ಎಚ್‌ಐವಿಗೇ ಹೆದರುತ್ತಾರೆ. ರಕ್ತ ಒಣಗುತ್ತಿದ್ದಂತೆ ಅದರ ಬಲ ಬಹುಪಾಲು ಕುಂದುತ್ತದೆ. ನಾನು ಹೆದರುವುದು ಹೆಪಟೈಟಿಸ್ ಬಿ ವೈರಾಣುವಿಗೆ. ಒಣಗಿದ ರಕ್ತದಲ್ಲಿ ಅದು ಕನಿಷ್ಠ ಏಳು ದಿನ ಸೋಂಕು ತಗುಲಿಸಬಲ್ಲದು, ಕತ್ತಿಯ ಮೇಲೆ ರಕ್ತದ ಕಲೆ ಕಣ್ಣಿಗೆ ಕಾಣದಿದ್ದರೂ ಸಹ. ಕತ್ತಿಯನ್ನು ಟವೆಲ್ಲಿಗೆ ಒರೆಸಿದರೆ ಹೋಗುವಂಥದ್ದಲ್ಲ. ಗಿರಾಕಿಗಳೆಲ್ಲರ ಗಾಯಕ್ಕೂ ಒಂದೇ ಪಟಿಕದ ಕಲ್ಲು ಉಜ್ಜುವ ರೂಢಿಯೂ ನನಗೆ ಸರಿ ಕಾಣದು. ಹೊಸ ಬ್ಲೇಡು ನಿಮ್ಮ ಕಣ್ಣೆದುರೇ ಹಾಕಿಸಿಕೊಳ್ಳಿ, ಸಂಕೋಚ ಬೇಡ. ಹೆಪಟೈಟಿಸ್ ಬಿಗೆ ಲಸಿಕೆ ಇದೆ. ಗಾಯವಾದ ಮೇಲೂ ಬೇಗ ಹಾಕಿಸಿದರೆ ಫಲವಿದೆ. ನಾಳೆಯೇ ವೈದ್ಯರನ್ನು ಕಾಣಿ. ಎಚ್‌ಐವಿ ಪರೀಕ್ಷೆಯ ಮಾತನ್ನೂ ಅವರಲ್ಲೇ ಕೇಳಿಬಿಡಿ, ಭಯ ನೀಗುತ್ತದೆ.

ಪ್ರಶ್ನೆ: ಮಗುವಿಗೆ ವಾಂತಿಭೇದಿ ಆಯಿತು. ಸ್ಯಾನಿಟೈಸರ್ ಧಾರಾಳವಾಗಿ ಬಳಸಿದರೂ ಮನೆಯವರಿಗೆಲ್ಲ ಬಂತು. ಏಕೆ?
– ಗೃಹಿಣಿ, ಪುತ್ತೂರು

ಉತ್ತರ: ನೊರೊ ವೈರಾಣು ಇದ್ದಿರಬಹುದು. ಸ್ಯಾನಿಟೈಸರಿನ ಆಲ್ಕೋಹಾಲು ಮುಖ್ಯವಾಗಿ ಹಾಳುಗೆಡವುವುದು ವೈರಾಣುವಿನ ಕೊಬ್ಬಿನ ಹೊದಿಕೆಯನ್ನು. ನೊರೊಗೆ ಆ ಹೊದಿಕೆಯೇ ಇಲ್ಲ. ನೆಲ, ಬಾಗಿಲ ಹಿಡಿ, ಆಟಿಕೆಗಳ ಮೇಲೆ ದಿನಗಟ್ಟಲೆ ಇರುತ್ತದೆ, ನೂರಕ್ಕಿಂತ ಕಡಿಮೆ ಕಣಗಳೇ ರೋಗ ತರಲು ಸಾಕು. ಕೈಗೆ ಸೋಪು, ಹರಿಯುವ ನೀರು. ನೆಲಕ್ಕೆ ಬ್ಲೀಚಿಂಗ್ ಪುಡಿಯ ದ್ರಾವಣ.

ಪ್ರಶ್ನೆ: ಆಂಥ್ರಾಕ್ಸ್‌ನಿಂದ ಸತ್ತ ಕುರಿ ಹೂತ ಜಾಗದಲ್ಲಿ ಎಷ್ಟು ತಿಂಗಳು ಬಿಟ್ಟು ಮೇಯಿಸಬಹುದು?
– ಕುರಿಗಾರ, ಶಿರಾ

ಉತ್ತರ: ತಿಂಗಳ ಲೆಕ್ಕವಲ್ಲ. 1942ರಲ್ಲಿ ಬ್ರಿಟಿಷರು ಸ್ಕಾಟ್ಲೆಂಡಿನ ಗ್ರುಯ್ನಾರ್ಡ್ ದ್ವೀಪದಲ್ಲಿ ಕುರಿಗಳ ಮೇಲೆ ಆಂಥ್ರಾಕ್ಸ್ ಬಾಂಬು ಪ್ರಯೋಗಿಸಿದರು. 1986ರಲ್ಲಿ ಸಮುದ್ರದ ನೀರಿಗೆ ಫಾರ್ಮಾಲ್ಡಿಹೈಡ್ ಬೆರೆಸಿ ನೆಲಕ್ಕೆ ಸುರಿದ ಮೇಲಷ್ಟೇ, 1990ರಲ್ಲಿ ಆ ದ್ವೀಪ ಸುರಕ್ಷಿತ ಎಂದು ಸಾರಲಾಯಿತು. ಈ ಬ್ಯಾಕ್ಟೀರಿಯಾ ಗಾಳಿ ಸೋಕಿದೊಡನೆ ಗಟ್ಟಿ ಕವಚದ ಬೀಜಕವಾಗಲು ಶುರುಮಾಡುತ್ತದೆ. ಬೀಜಕ ಮಣ್ಣಿನಲ್ಲಿ ದಶಕಗಟ್ಟಲೆ ಕಾಯಬಲ್ಲದು. ಹಾಗಾಗಿಯೇ ಸತ್ತ ಕುರಿಯನ್ನು ಸುಲಿಯಬಾರದು, ಕೊಯ್ಯಬಾರದು. ಆ ಜಾಗಕ್ಕೆ ಬೇಲಿ ಹಾಕಿ, ಮಂದೆಗೆ ಪ್ರತಿ ವರ್ಷ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕಿಸಿ.