ಗಿಡಕ್ಕೆರಡು ಟ್ಯೂಬ್‌ಲೈಟು, ಮೀಟರಿಗೆ 14 ಯೂನಿಟ್ಟು

ಮನೆಯೊಳಗಿನ ಗಿಡಗಳಿಗೆ ದೀಪ ಹಾಕಬೇಕೆಂದಿದ್ದೀರಾ? ಮೊದಲು ಕಳೆದ ತಿಂಗಳ ಕರೆಂಟ್ ಬಿಲ್ಲನ್ನು ಹುಡುಕಿ ತನ್ನಿ. ದೀಪದ ಬೆಲೆ ಆಮೇಲೆ ನೋಡೋಣ.

ಬೆಂಗಳೂರಿನ ನಮ್ಮ ಮನೆ ಪಕ್ಕದ ಸೈಟಿನಲ್ಲಿ ನಾಲ್ಕು ಮಹಡಿ ಎದ್ದ ಮೇಲೆ ಬಾಲ್ಕನಿಗೆ ಬೀಳುತ್ತಿದ್ದ ಬೆಳಗಿನ ಬಿಸಿಲು ಹೋಯಿತು. ಅಮ್ಮನ ತುಳಸಿ ಸೊರಗಿ ಎಲೆಗಿಂತ ಕಡ್ಡಿಯೇ ಹೆಚ್ಚಾಯಿತು. ಫೋನಿನ ಲಕ್ಸ್ ಮೀಟರ್ ಆ್ಯಪ್ ಹಿಡಿದು ನೋಡಿದರೆ ಕಿಟಕಿ ಪಕ್ಕದಲ್ಲೇ 400ರ ಆಸುಪಾಸು. ಬಯಲಿನ ನಡುಮಧ್ಯಾಹ್ನದ ಬಿಸಿಲು 1 ಲಕ್ಷ ಲಕ್ಸ್ ಮುಟ್ಟುತ್ತದೆ. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಕೋಣೆ ಬೆಳಕಾಗಿಯೇ ಕಾಣುತ್ತದೆ. ಗಿಡಕ್ಕೆ ಅದು ನಿತ್ಯ ಏಕಾದಶಿ.

ಆನ್‌ಲೈನಿನಲ್ಲಿ ‘ಗ್ರೋ ಲೈಟ್’ ಎಂದು ಹುಡುಕಿದರೆ ನೇರಳೆ ಬಣ್ಣದ ದೀಪಗಳು ಸಾಲುಗಟ್ಟುತ್ತವೆ. ಪರಿಚಯದವರೊಬ್ಬರು ತರಿಸಿದ್ದ ಕ್ಲಿಪ್ ದೀಪದ ಡಬ್ಬಿಯ ಮೇಲೆ 40 ವ್ಯಾಟ್ ಎಂದು ದಪ್ಪಕ್ಷರದಲ್ಲಿತ್ತು. ಅದರ ಅಡಾಪ್ಟರ್ ತಿರುಗಿಸಿ ನೋಡಿದೆ. ಕಣ್ಣು ಕಿರಿದು ಮಾಡಿ ಓದಬೇಕಾದ ಚೀಟಿಯಲ್ಲಿ 5 ವೋಲ್ಟ್, 2 ಆಂಪ್ ಎಂದಿತ್ತು. ಗುಣಿಸಿದರೆ 10 ವ್ಯಾಟ್. ಆ ಅಡಾಪ್ಟರ್‌ನಿಂದ ಅದಕ್ಕಿಂತ ಹೆಚ್ಚು ದೀಪಕ್ಕೆ ಸಿಗುವಂತಿಲ್ಲ, ಡಬ್ಬಿ ಏನೇ ಹೇಳಲಿ. ಕೊಳ್ಳುವ ಮುಂಚೆ ಈ ಗುಣಾಕಾರವನ್ನೊಂದು ಮಾಡಿಬಿಡಿ.

ನೇರಳೆ ಬಣ್ಣವೇ ಬೇಕೆಂದೂ ಇಲ್ಲ. ಎಲೆಯ ಹರಿತ್ತು ಕೆಂಪು ಮತ್ತು ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ ಎಂಬುದು ನಿಜ. ಆದರೆ ಬಿಳಿ ಎಲ್ಇಡಿಯ ಒಳಗಿರುವುದೂ ನೀಲಿ ಚಿಪ್ಪೇ. ಮೇಲಿನ ಫಾಸ್ಫರ್ ಲೇಪ ಆ ನೀಲಿಯ ಒಂದಷ್ಟನ್ನು ಹಳದಿ, ಕೆಂಪು ಬೆಳಕಾಗಿ ಬದಲಿಸುತ್ತದೆ. ಹಸಿರು ಬೆಳಕನ್ನೂ ಎಲೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಹಾಗಾಗಿ ಬೀದಿಯ ಎಲೆಕ್ಟ್ರಿಕಲ್ ಅಂಗಡಿಯಿಂದ 20 ವ್ಯಾಟಿನ, ನಾಲ್ಕಡಿಯ ಎರಡು ಎಲ್ಇಡಿ ಬ್ಯಾಟನ್ ತಂದೆ. ಒಂದೊಂದು 300 ರೂಪಾಯಿಯ ಒಳಗೇ. ಹಳೆ ಪುಸ್ತಕದ ರ್‍ಯಾಕಿಗೆ ಅವನ್ನು ಕೂರಿಸುತ್ತ ಎಲೆಕ್ಟ್ರಿಷಿಯನ್ ಹುಡುಗ ನಗು ತಡೆಯಲಾರದೆ, “ಸಾರ್, ಗಿಡಕ್ಕೂ ಟ್ಯೂಬ್‌ಲೈಟಾ? ಫ್ಯಾನೂ ಹಾಕ್ಬಿಡ್ಲಾ?” ಅಂದ. ಎಲೆಯ ತುದಿಗೂ ಟ್ಯೂಬಿಗೂ ಒಂದು ಗೇಣು ಬಿಡಿಸಿದೆ. ಸೂರಿನಲ್ಲಿ ನೇತುಹಾಕಿದ ದೀಪದ ಬೆಳಕು ಗಿಡಕ್ಕೆ ಮುಟ್ಟುವಷ್ಟರಲ್ಲಿ ಕೋಣೆಗೆಲ್ಲ ಹರಡಿ ಹೋಗಿರುತ್ತದೆ. ಪ್ಲಗ್ಗಿಗೆ ಒಂದು ಟೈಮರ್ ಸಿಕ್ಕಿಸಿದ್ದಾಯಿತು: ಬೆಳಿಗ್ಗೆ 6ಕ್ಕೆ ಹತ್ತಿ ಸಂಜೆ 6ಕ್ಕೆ ಆರಬೇಕು. ಗಿಡಕ್ಕೂ ರಾತ್ರಿ ಬೇಕು.

ಈಗ ಬಿಲ್ಲಿಗೆ ಬನ್ನಿ. 40 ವ್ಯಾಟ್, ದಿನಕ್ಕೆ 12 ಗಂಟೆ, 30 ದಿನ: 14.4 ಯೂನಿಟ್. ತೆರಿಗೆ, ಸರ್‌ಚಾರ್ಜ್ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಅಂದುಕೊಂಡರೂ ತಿಂಗಳಿಗೆ 100 ರೂಪಾಯಿ. ಇಷ್ಟೇ ತಾನೇ ಅನ್ನಿಸುತ್ತದೆ. ಆದರೆ ನಮ್ಮದು ಗೃಹಜ್ಯೋತಿ ಮನೆ. ಸರ್ಕಾರದ ಈ ಉಚಿತ ವಿದ್ಯುತ್ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಯ ಮೇಲೊಂದಿಷ್ಟು ಸೇರಿಸಿ ಪ್ರತಿ ಮನೆಗೂ ಉಚಿತ ಮಿತಿ ಇಟ್ಟಿದ್ದಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ. 200 ಯೂನಿಟ್ ದಾಟಿದರೆ ಇಡೀ ಬಿಲ್ಲೇ ನಮ್ಮದು. ಬೇಸಿಗೆಯಲ್ಲಿ ನಮ್ಮ ಮೀಟರು 190ರ ಹತ್ತಿರ ಓಡುತ್ತದೆ. ಅದಕ್ಕೆ 14 ಸೇರಿದರೆ 204. ಆಗ ಆ ಎರಡು ಟ್ಯೂಬಿನ ಖರ್ಚು 100 ರೂಪಾಯಿ ಅಲ್ಲ, 1,400 ರೂಪಾಯಿ, ನಿಗದಿತ ಶುಲ್ಕ ಬೇರೆ. ಮಾರ್ಚ್ ಬಂತೆಂದರೆ ಒಂದು ಟ್ಯೂಬು ಆರಿಸಿಬಿಡುತ್ತೇನೆ: 7.2 ಯೂನಿಟ್, ಒಟ್ಟು 197. ತುಳಸಿ ಕುಂಡ ಆ ತಿಂಗಳುಗಳಲ್ಲಿ ಟೆರೇಸಿಗೆ ಹೋಗುತ್ತದೆ.

ಟ್ಯೂಬು ತಿನ್ನುವ ಯೂನಿಟ್ಟನ್ನು ಬೇರೆ ಕಡೆ ಉಳಿಸುವ ದಾರಿಯೂ ಇದೆ. ಹಾಲಿನ ಹಳೆ ಫ್ಯಾನು 75 ವ್ಯಾಟ್ ಎಳೆಯುತ್ತದೆ. ಬಿಎಲ್‌ಡಿಸಿ ಫ್ಯಾನು ಸುಮಾರು 35. ದಿನಕ್ಕೆ 12 ಗಂಟೆ ತಿರುಗಿದರೆ ಉಳಿಯುವುದು ಅದೇ 14.4 ಯೂನಿಟ್. ಎಲೆಕ್ಟ್ರಿಷಿಯನ್ ಹುಡುಗ ತಮಾಷೆಗೆ ಅಂದ ಫ್ಯಾನು ನಿಜಕ್ಕೂ ಬೇಕಾಗಿರುವುದು ಹಾಲಿಗೆ. ಅದಕ್ಕೆ 3,000 ರೂಪಾಯಿಯಷ್ಟು ಬೇಕು, ಇನ್ನೂ ಕೊಂಡಿಲ್ಲ.

ಇಷ್ಟೆಲ್ಲ ಯಾವ ಗಿಡಕ್ಕೆ? ಕೊತ್ತಂಬರಿಗಂತೂ ಬೇಡ. ತಿಂಗಳಿಗೆ 100 ರೂಪಾಯಿ ಕರೆಂಟು ಸುಟ್ಟು ಎರಡು ಟ್ರೇ ಕೊತ್ತಂಬರಿ ಬೆಳೆಯುವ ಬದಲು ತಳ್ಳುಗಾಡಿಯವನ ಹತ್ತಿರ ಚೌಕಾಸಿ ಮಾಡುವುದೇ ಲಾಭ. ಮನಿಪ್ಲಾಂಟ್ ಕಿಟಕಿ ಬೆಳಕಲ್ಲೇ ಬದುಕುತ್ತದೆ. ಟೊಮೆಟೊ, ಮೆಣಸಿನ ಸಸಿಗೆ ಮೊದಲ ಮೂರ್ನಾಲ್ಕು ವಾರ ಹಾಕಿದರೆ ಸಾಕು, ಆಮೇಲೆ ಅವೂ ಟೆರೇಸಿಗೆ. ವರ್ಷದ ಹೆಚ್ಚು ತಿಂಗಳು ಟ್ಯೂಬಿನಡಿ ಇರುವುದು ಆಫ್ರಿಕನ್ ವಯೊಲೆಟ್ ಮತ್ತು ಅಮ್ಮನ ತುಳಸಿ. ತುಳಸಿಯ ಲೆಕ್ಕವನ್ನು ಅಮ್ಮನ ಮುಂದೆ ತೆಗೆಯುವ ಧೈರ್ಯ ನನಗಿಲ್ಲ.